ಕಥೆಪುಸ್ತಕ ಓದಿದರೆ ಅಂಕಗಳು ಕಡಿಮೆಯಾಗುತ್ತವೆಯೇ?

ಎಂಟನೆಯ ತರಗತಿಯಲ್ಲಿರುವ ತಮ್ಮ ಮಗ ಪಠ್ಯಪುಸ್ತಕವನ್ನು ಮುಚ್ಚಿಟ್ಟು ಕಥೆಪುಸ್ತಕಗಳನ್ನೇ ಓದುತ್ತಾನೆ, ಇದರಿಂದ ಅವನ ಅಂಕಗಳು ಕಡಿಮೆಯಾಗುತ್ತವೆಯೇ, ಅದೇ ವಯಸ್ಸಿನ ಯಾರಾದರೂ ಅನುಭವದಿಂದ ಹೇಳಬಹುದೇ ಎಂದು ತಾವು ಕೇಳಿದ್ದೀರಿ. ನಾನು ಕಾರವಾರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಒಂಬತ್ತನೆಯ ತರಗತಿ ಓದುತ್ತಿದ್ದೇನೆ. ತಮ್ಮ ಮಗನಿಗಿಂತ ಒಂದು ವರ್ಷ ದೊಡ್ಡವಳು. ನೇರವಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹೌದು, ಕಡಿಮೆಯಾಗುತ್ತವೆ. ನನಗೆ ಕಡಿಮೆಯಾದವು. ಕಳೆದ ವರ್ಷ ಬೀಜೋಕ್ತಿಗಳ ಅಪವರ್ತನವನ್ನು ಅಭ್ಯಾಸ ಮಾಡಬೇಕಾಗಿದ್ದ ವಾರವಿಡೀ ಒಂದು ದಪ್ಪ ಕಾದಂಬರಿಯನ್ನು ಹಿಡಿದು ಕುಳಿತಿದ್ದರಿಂದ ರೂಪಣಾತ್ಮಕ ಮೌಲ್ಯಮಾಪನದ, ಎಂದರೆ ವರ್ಷದ ನಡುವಿನ ಕಿರುಪರೀಕ್ಷೆಯ, ಗಣಿತದಲ್ಲಿ ನನಗೆ 20ಕ್ಕೆ 7 ಬಂದಿತ್ತು. ಓದುವ ಹವ್ಯಾಸವಿದ್ದರೆ ಅಂಕಗಳು ತಾವಾಗಿಯೇ ಹೆಚ್ಚುತ್ತವೆ ಎಂದು ದೊಡ್ಡವರು ಬರೆಯುವುದನ್ನು ಬಹಳ ಕಡೆ ನೋಡಿದ್ದೇನೆ. ಗಣಿತದ ಮಟ್ಟಿಗಂತೂ ಆ ಮಾತು ನಿಜವಲ್ಲ.

ಆದರೆ ತಮ್ಮ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ, ಅದು ‘ಓದು’ ಎಂಬ ಪದದ ತೊಡಕು. ನಮ್ಮ ಮನೆಯ ಮಾತು ಕೊಂಕಣಿ. ಕೊಂಕಣಿಯಲ್ಲಿ ‘ವಾಚಪ’ ಬೇರೆ, ‘ಶಿಕಪ’ ಬೇರೆ; ಪುಸ್ತಕವನ್ನೋ ಪತ್ರಿಕೆಯನ್ನೋ ಓದುವುದು ಮೊದಲನೆಯದು, ಪಾಠ ಕಲಿಯುವುದು ಎರಡನೆಯದು. ಶಾಲೆಗೆ ಸೇರಿ ಕನ್ನಡ ಕಲಿತಾಗ ಇವೆರಡಕ್ಕೂ ಒಂದೇ ಪದವಿರುವುದು ನನಗೆ ವಿಚಿತ್ರವಾಗಿ ಕಂಡಿತ್ತು, ಆಮೇಲೆ ಅನುಕೂಲವಾಗಿಯೂ ಕಂಡಿತು. ಮನೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಓದುತ್ತೀಯೆಂದು ಶಿಕ್ಷಕಿ ಕೇಳಿದರೆ ಮೂರು ಗಂಟೆ ಎನ್ನುತ್ತಿದ್ದೆ. ಅದರಲ್ಲಿ ಎರಡು ಗಂಟೆ ಕಥೆಪುಸ್ತಕದ್ದೆಂದು ಹೇಳುತ್ತಿರಲಿಲ್ಲ, ಹಾಗಿದ್ದೂ ಸುಳ್ಳು ಹೇಳಿದಂತೆ ಆಗುತ್ತಿರಲಿಲ್ಲ. ಆಯಿಯ, ಎಂದರೆ ಅಮ್ಮನ, ಬಳಿ ಈ ಆಟ ನಡೆಯುವುದಿಲ್ಲ. ಆಕೆ ಕೊಂಕಣಿಯಲ್ಲಿ ಕೇಳುತ್ತಾಳೆ, ಆ ಭಾಷೆಯಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಶಾಲೆಯ ಓದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಅದರಲ್ಲಿ ಪ್ರಥಮ ಭಾಷೆಗೇ 125 ಅಂಕಗಳು. ಹಿಂದುಳಿದವರಿಗಾಗಿ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳ್ಳನೆಯ ಪುಸ್ತಿಕೆಗಳಿರುತ್ತವೆ. ಅವುಗಳನ್ನು ಬಾಯಿಪಾಠ ಮಾಡಿದರೆ ಸಾಕು, ಪಾಠವನ್ನು ಓದುವುದೇ ಬೇಡ. ಕನ್ನಡ ಪರೀಕ್ಷೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆ ಬರುವುದನ್ನು ಕರ್ನಾಟಕದಲ್ಲಿ ಓದಿದ ತಾವೂ ಬಲ್ಲಿರಿ. ಅದಕ್ಕೆ ಮೂರು ಭಾಗಗಳಲ್ಲಿ ಉತ್ತರ ಬರೆಯಬೇಕು. ಆಯ್ಕೆ ಎಂದು ಬರೆದು, ಈ ವಾಕ್ಯವನ್ನು ಯಾವ ಪಾಠದಿಂದ ಆರಿಸಿಕೊಳ್ಳಲಾಗಿದೆಯೆಂದು ಹೇಳಬೇಕು. ಸಂದರ್ಭ ಎಂದು ಬರೆದು, ಯಾರು ಯಾರಿಗೆ ಯಾವಾಗ ಹೇಳಿದರೆಂದು ಹೇಳಬೇಕು. ಸ್ವಾರಸ್ಯ ಎಂದು ಬರೆದು, ಮೇಲಿನ ವಾಕ್ಯವನ್ನೇ ತುಸು ಹಿಂದುಮುಂದಾಗಿಸಿ ಕೊನೆಗೆ ‘ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂದು ಮುಗಿಸಬೇಕು. ನನಗೆ ಇದರಲ್ಲಿ ಯಾವಾಗಲೂ ಪೂರ್ಣ ಅಂಕ ಬರುತ್ತದೆ. ಸ್ವಾರಸ್ಯ ಎಂದರೇನೆಂದು ತಿಳಿಯದೆಯೇ ನಾಲ್ಕು ವರ್ಷ ಪೂರ್ಣ ಅಂಕ ಪಡೆದಿದ್ದೇನೆ.

ನನ್ನ ಇನ್ನೊಂದು ಓದು ಆರಂಭವಾದದ್ದು ಶಾಲೆ ಮುಚ್ಚಿದ್ದಾಗ. 2020ರಲ್ಲಿ, ಕೊರೊನಾ ಕಾಲದಲ್ಲಿ, ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಶಿಕ್ಷಕರು ಊರಿಗೇ ಬಂದು ದೇವಸ್ಥಾನದ ಜಗಲಿಯಲ್ಲಿ ಕೆಲವು ದಿನ ಪಾಠ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದು, ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಆ ಕೋಣೆಗೆ ಆಗ ಒಂದು ಕಿಟಕಿ, ಎರಡು ಕಪಾಟು. ಮಳೆಗಾಲದಲ್ಲಿ ಪುಸ್ತಕಗಳು ಉಬ್ಬಿ ಕಪಾಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ಈಗ ಅದರ ಹೆಸರು ‘ಅರಿವು ಕೇಂದ್ರ’, ಒಂದು ಕಂಪ್ಯೂಟರ್ ಕೂಡ ಇದೆ, ಆದರೆ ಪುಸ್ತಕಗಳು ಉಬ್ಬುವುದು ನಿಂತಿಲ್ಲ. ಅಲ್ಲಿಯವು ಮುಗಿದ ಮೇಲೆ ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗತೊಡಗಿದೆ. ಶನಿವಾರ ಅರ್ಧ ದಿನ ಶಾಲೆ. 2023ರ ಜೂನಿನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಹಣ ಕೇಳಬೇಕಾಗಿಲ್ಲ ಎಂದಾದ ಮೇಲೆ ಅಪ್ಪಣೆ ಕೇಳುವುದೂ ಎಷ್ಟು ಸುಲಭವಾಯಿತೆಂಬುದನ್ನು ಗಂಡುಮಕ್ಕಳಿಗೆ ವಿವರಿಸುವುದು ಕಷ್ಟ. ಬಸ್ಸಿನಲ್ಲಿ ಓದುತ್ತಾ ಬರುತ್ತೇನೆ. ಬಿಣಗಾದ ಸುರಂಗ ಬಂದಾಗ ಮಾತ್ರ ಬೆರಳನ್ನು ಸಾಲಿನ ಮೇಲಿಟ್ಟು ಬೆಳಕಿಗಾಗಿ ಕಾಯುತ್ತೇನೆ.

ಆ ಗ್ರಂಥಾಲಯದಲ್ಲಿ ರವೀಂದ್ರನಾಥ ಟ್ಯಾಗೋರರ ನೆನಪುಗಳ ಪುಸ್ತಕ ನನ್ನ ಕೈಗೆ ಬಂದಿತು. ಕಾರವಾರದ ಮಕ್ಕಳಾದ ನಮಗೆ ಟ್ಯಾಗೋರರು ಪ್ರಬಂಧದ ವಿಷಯ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ವಯಸ್ಸಿನ ರವೀಂದ್ರರು ಬಂದು ಉಳಿದಿದ್ದರು, ಇಲ್ಲಿ ಒಂದು ನಾಟಕವನ್ನು ಬರೆದರು, ಆದ್ದರಿಂದ ಕಡಲತೀರಕ್ಕೆ ಅವರ ಹೆಸರಿದೆ. ಇಷ್ಟನ್ನು ಐದನೆಯ ತರಗತಿಯಿಂದ ಪ್ರತಿ ವರ್ಷವೂ ಬರೆದಿದ್ದೇವೆ. ಶಾಲೆ ಹಿಡಿಸದೆ ಶಾಲೆಯನ್ನೇ ಬಿಟ್ಟ ಹುಡುಗ ಅವರೆಂಬುದನ್ನು ಮಾತ್ರ ನಮ್ಮಿಂದ ಯಾರೂ ಬರೆಸಿರಲಿಲ್ಲ. ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ರಾತ್ರಿಯ ವರ್ಣನೆ. ಬೆಳದಿಂಗಳಿನಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋದದ್ದು, ಗುಡ್ಡದ ಮೇಲಿನ ಹಳೆಯ ಕೋಟೆಯ ಬಳಿ ಇಳಿದದ್ದು, ಇಳಿತದ ನೀರಿನೊಡನೆ ತೇಲುತ್ತ ಮರಳಿ ಬಂದದ್ದು, ಅಳಿವೆಯ ಹತ್ತಿರ ದೋಣಿಯಿಂದಿಳಿದು ಮರಳಿನ ಮೇಲೆ ಮನೆಯವರೆಗೆ ನಡೆದದ್ದು. ಕೋಡಿಬಾಗದ ಆ ಅಳಿವೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಅಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ನಮಗೆ ಅದು ಏಡಿ ಹಿಡಿಯುವ ಜಾಗ. ಅದೇ ಮರಳು ಒಬ್ಬರ ಪುಸ್ತಕದೊಳಗೆ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಪುಸ್ತಕಗಳಲ್ಲಿ ಬರುವ ಊರುಗಳೆಲ್ಲ ದೂರದವು, ನಮ್ಮದು ಪುಸ್ತಕ ತರಿಸಿಕೊಳ್ಳುವ ಊರು ಎಂಬುದು ಅಲ್ಲಿಯವರೆಗಿನ ನನ್ನ ತಿಳಿವಳಿಕೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದಾಗ, ಆ ನೀರನ್ನು ಮತ್ತೆ ನೋಡಲು ಹೋಗಿ, ಪುಸ್ತಕದ ನದಿ ಮತ್ತು ಎದುರಿಗಿದ್ದ ನದಿ ಎರಡನ್ನೂ ಒಟ್ಟಿಗೆ ನೋಡುತ್ತ ಬಹಳ ಹೊತ್ತು ನಿಂತಿದ್ದೆ.

ಗಟ್ಟಿಯಾಗಿ ಓದುವುದರ ಬಗ್ಗೆ ಒಂದು ಮಾತು, ಇದು ನನಗೆ ಹೆಮ್ಮೆಯ ವಿಷಯವಲ್ಲ. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಒಬ್ಬರು ಪತ್ರಿಕೆಯ ಮುಖ್ಯ ಸುದ್ದಿಗಳನ್ನು ಓದಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮಳೆಯ ರಜೆ ಮುಗಿದು ಶಾಲೆ ತೆರೆದಾಗ ಓದುವ ಸರದಿ ನನ್ನದಾಗಿತ್ತು. ಗಂಗಾವಳಿ ನದಿ, ಮಣ್ಣಿನ ರಾಶಿ, ಲಾರಿ, ಶೋಧಕಾರ್ಯ, ನಾಪತ್ತೆಯಾದವರು, ಎಲ್ಲವನ್ನೂ ಎಲ್ಲಿಯೂ ತಡವರಿಸದೆ, ಮಹಾಪ್ರಾಣಗಳನ್ನು ಸರಿಯಾಗಿ ಉಚ್ಚರಿಸಿ ಓದಿದೆ. ಸ್ಪಷ್ಟವಾಗಿ ಓದಿದೆಯೆಂದು ಮುಖ್ಯೋಪಾಧ್ಯಾಯರು ಎಲ್ಲರೆದುರು ಹೊಗಳಿದರು, ನಾನು ಹಿಗ್ಗಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗಲೇ ನಾನು ಬೆಳಿಗ್ಗೆ ಓದಿದ ಹೆದ್ದಾರಿ 66 ಎಂಬುದು ನಮ್ಮ ಕಾಲೊನಿಯ ಎದುರಿನ ರಸ್ತೆಯೆಂದು ಅರಿವಾದದ್ದು. ಅಲ್ಲಿ ಚಹಾ ಕುಡಿಯಲು ಗಾಡಿ ನಿಲ್ಲಿಸಿದವರು ನಮ್ಮ ಮನೆಯ ಮುಂದಿನಿಂದಲೂ ಹಾದು ಹೋಗಿರಬಹುದಿತ್ತು. ಅದಕ್ಕೆ ನಾನು ಉಚ್ಚಾರಣೆಯ ಮೆಚ್ಚುಗೆ ಪಡೆದಿದ್ದೆ. ಆ ದಿನದ ಹಿಗ್ಗು ನೆನಪಾದಾಗ ಈಗಲೂ ಮುಖ ಬಿಸಿಯಾಗುತ್ತದೆ.

ಇನ್ನು ಆಜಿಯ ವಿಷಯ. ತಮಗೆ ಉತ್ತರ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆಕೆಯ ಕಾರಣದಿಂದಲೇ. ನಮ್ಮ ತಂದೆಯ ತಾಯಿಯಾದ ಆಜಿ ಮರಾಠಿ ಶಾಲೆಯಲ್ಲಿ ಎರಡನೆಯ ಇಯತ್ತೆಯವರೆಗೆ ಕಲಿತವಳು. ಶ್ರಾವಣದಲ್ಲಿ ಪೋಥಿಯನ್ನು, ಎಂದರೆ ಮರಾಠಿಯ ಧಾರ್ಮಿಕ ಗ್ರಂಥವನ್ನು, ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ, ಆದರೆ ಕನ್ನಡದ ಒಂದಕ್ಷರವೂ ಬಾರದು. ಮಾಮ್ಲೇದಾರರ ಕಚೇರಿಯೆಂದು ಆಕೆ ಇಂದಿಗೂ ಕರೆಯುವ ತಹಶೀಲ್ದಾರರ ಕಚೇರಿಯಲ್ಲಿ ಆಕೆ ನಿರಕ್ಷರಿ. ದೇವರ ಕೋಣೆಯಲ್ಲಿ ಓದು ಬಲ್ಲವಳು. 1862ರಿಂದ 1956ರವರೆಗೆ ಮುಂಬಯಿಗೆ ಸೇರಿದ್ದ ಜಿಲ್ಲೆಯಲ್ಲಿ ಇಂಥ ಅಜ್ಜಿಯಂದಿರು ಹಲವರಿದ್ದಾರೆ. ಆಜಿಯ ಮನೆ ಮೊದಲು ಇದ್ದ ಜಾಗ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲಿಟ್ಟರು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಆ ನೌಕಾನೆಲೆ ಕಾರ್ಯಾರಂಭ ಮಾಡಿತು. ಈ ಎರಡು ಇಸವಿಗಳ ನಡುವೆ ಎಂದೋ ನಮ್ಮ ಮನೆಯವರು ಊರು ಬಿಟ್ಟು ಹೆದ್ದಾರಿಯ ಪಕ್ಕದ ಪುನರ್ವಸತಿ ಕಾಲೊನಿಗೆ ಬಂದರು. ನನಗೆ ತಿಳಿದ ಊರು ಈ ಕಾಲೊನಿಯೇ.

ಕಳೆದ ಮೇ ತಿಂಗಳಲ್ಲಿ ಯಾವುದೋ ಅರ್ಜಿಗೆಂದು ತಂದೆಯವರು ಟ್ರಂಕಿನಿಂದ ಹಳೆಯ ಕಾಗದಗಳನ್ನು ತೆಗೆದು, ಅವುಗಳಲ್ಲಿ ಏನಿದೆಯೆಂದು ಓದಿ ಹೇಳಲು ನನಗೆ ಕೊಟ್ಟು ಕೆಲಸಕ್ಕೆ ಹೋದರು. ‘ಸದರಿ’, ‘ಪೈಕಿ’, ‘ಮಜಕೂರ’ ಎಂದು ತುಂಬಿದ್ದ ಆ ಕನ್ನಡ ನನಗೇ ಅರ್ಧ ತಿಳಿಯಲಿಲ್ಲ. ಒಂದು ಕಾಗದದಲ್ಲಿ ಜಮೀನಿನ ಚಕ್ಕುಬಂದಿಯಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸಮುದ್ರ, ದಕ್ಷಿಣಕ್ಕೆ ಹಳ್ಳ, ಉತ್ತರಕ್ಕೆ ಒಬ್ಬರ ಹೆಸರು. ನಾಲ್ಕೇ ಸಾಲು. ಓದಿ ಮುಗಿಸಿ ಕಾಗದ ಮಡಚುವಾಗ ಬಾಗಿಲ ಬಳಿ ಮೀನು ಹೆಚ್ಚುತ್ತಿದ್ದ ಆಜಿ, ಮತ್ತೊಮ್ಮೆ ಓದು ಎಂದಳು. ಓದಿದೆ. ಆಕೆ ಹೇಳತೊಡಗಿದಳು: ಪೂರ್ವದ ರಸ್ತೆಯೆಂದರೆ ಗಾಡಿ ದಾರಿ, ಆಕೆ ಮದುವೆಯಾಗಿ ಬಂದದ್ದು ಅದರ ಮೇಲೆ, ಮಳೆಗಾಲದಲ್ಲಿ ಅದು ರಸ್ತೆಯಲ್ಲ, ಕೆಸರು. ದಕ್ಷಿಣದ ಹಳ್ಳದಲ್ಲಿ ನೀರಿಳಿದಾಗ ಹೆಂಗಸರೆಲ್ಲ ತಿಸ್ರೆ ಎಂಬ ಚಿಪ್ಪುಮೀನನ್ನು ಹೆಕ್ಕುತ್ತಿದ್ದರು, ಅಲ್ಲಿಯೇ ಊರಿನ ಸುದ್ದಿಯೆಲ್ಲ ತಿಳಿಯುತ್ತಿತ್ತು. ಪಶ್ಚಿಮಕ್ಕೆ ಸಮುದ್ರ ಎಂದಾಗ ಆಕೆ ನಕ್ಕುಬಿಟ್ಟಳು. ಅಳೆಯುವವರು ಬೇಸಗೆಯಲ್ಲಿ ಬಂದಿದ್ದರಂತೆ. ಆಷಾಢದಲ್ಲಿ ಬಂದಿದ್ದರೆ ಸಮುದ್ರ ಅಂಗಳದವರೆಗೆ ಬಂದಿರುತ್ತಿತ್ತು, ಅರ್ಧ ಗುಂಟೆ ಕಡಿಮೆ ಬರೆದುಕೊಂಡು ಹೋಗುತ್ತಿದ್ದರು. ಮೀನಿನ ತಟ್ಟೆಗೆ ಬೆಕ್ಕು ಬಾಯಿ ಹಾಕಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಪರೀಕ್ಷೆಯ ಮೂರು ಭಾಗಗಳು ನನಗೆ ನೆನಪಾದದ್ದು ಆಗ. ಕಾಗದದಲ್ಲಿದ್ದದ್ದು ಆಯ್ಕೆ ಮಾತ್ರ. ಸಂದರ್ಭವೆಲ್ಲವೂ ಆಜಿಯಲ್ಲಿತ್ತು. ನಾನು ಓದಿರದಿದ್ದರೆ ಆಕೆ ಹೇಳುತ್ತಿರಲಿಲ್ಲ, ಆಕೆ ಹೇಳಿರದಿದ್ದರೆ ನಾನು ಓದಿದ್ದು ಏನೆಂದು ನನಗೇ ತಿಳಿಯುತ್ತಿರಲಿಲ್ಲ. ಅಲ್ಲಿಂದೀಚೆಗೆ ಭಾನುವಾರಗಳಂದು ಆಕೆಗೆ ಏನಾದರೊಂದನ್ನು ಓದಿ, ಕೊಂಕಣಿಯಲ್ಲಿ ಹೇಳುತ್ತೇನೆ: ಪತ್ರಿಕೆ, ಔಷಧದ ಚೀಟಿ, ನನ್ನ ಇತಿಹಾಸದ ಪಾಠ, ಕಥೆಗಳು. ಕಥೆಗಳಲ್ಲಿ ಆಕೆಗೆ ಬೇಗ ಬೇಸರ ಬರುತ್ತದೆ. ಇತಿಹಾಸದ ಪಾಠದಲ್ಲಿ ರಾಜರು ಏನು ತಿನ್ನುತ್ತಿದ್ದರೆಂದು ಯಾಕೆ ಬರೆದಿಲ್ಲವೆಂದು ಕೇಳುತ್ತಾಳೆ.

ತಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಗಣಿತವನ್ನು ನಾನೀಗ ಬೆಳಿಗ್ಗೆ ಆರು ಗಂಟೆಗೆ, ಕಥೆಪುಸ್ತಕವನ್ನು ಮುಟ್ಟುವ ಮೊದಲು, ಮುಗಿಸಿಬಿಡುತ್ತೇನೆ. ಈ ವರ್ಷ 20ಕ್ಕೆ 14 ಬಂದಿದೆ. ಇದಕ್ಕಿಂತ ಜಾಣತನದ ಉಪಾಯ ನನಗೆ ಗೊತ್ತಿಲ್ಲ. ಪುಸ್ತಕವನ್ನು ಮಾತ್ರ ಕಸಿದುಕೊಳ್ಳಬೇಡಿ. ಕಸಿದುಕೊಂಡ ವಾರ ನಾನು ಗಣಿತವನ್ನೇನೂ ಮಾಡಲಿಲ್ಲ, ಸುಮ್ಮನೆ ಗೋಡೆ ನೋಡುತ್ತ ಕುಳಿತಿದ್ದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರಿಗೆ ಏನನ್ನಾದರೂ ಓದಿ ಹೇಳುವ ಕೆಲಸವನ್ನು ಅವನಿಗೆ ವಹಿಸಿ. ಮೊದಲು ಗೊಣಗುತ್ತಾನೆ, ನಾನೂ ಗೊಣಗಿದ್ದೆ.

ಕಳೆದ ವರ್ಷ ಮನೆಯಲ್ಲಿ ಅತ್ತೆಯಂದಿರೆಲ್ಲ ಸೇರಿ, ಹುಡುಗಿ ದೊಡ್ಡವಳಾದಳು ಎಂದು ಆರತಿ ಬೆಳಗಿದ್ದರು. ಆಜಿಯೂ ಅವರ ಜೊತೆಗಿದ್ದಳು. ಆದರೆ ಮೊನ್ನೆ ಚಕ್ಕುಬಂದಿಯ ಕಾಗದವನ್ನು ಮತ್ತೆ ತೆಗೆದು, ಉತ್ತರ ದಿಕ್ಕಿನಲ್ಲಿ ಹೆಸರಿದ್ದವರು ಯಾರೆಂದು ಕೇಳಿದೆ. ನಮ್ಮ ಮನೆತನದ್ದೇ ಅಡ್ಡಹೆಸರು, ಆದರೆ ಅವರನ್ನು ನಾವು ಯಾವ ಮದುವೆಗೂ ಕರೆದದ್ದಿಲ್ಲ. ಆಜಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಕೆಯ ಗುರುತಿನಲ್ಲಿಯೇ ಮಡಚಿ ಟ್ರಂಕಿಗೆ ಹಾಕಿದಳು. ‘ಅದನ್ನು ಆಮೇಲೆ ಹೇಳುತ್ತೇನೆ ಬಾಯ್, ನೀನು ದೊಡ್ಡವಳಾದ ಮೇಲೆ’ ಎಂದಳು.