ಸರ್ಕಾರದ ಆದೇಶವಿದ್ದರೆ ಸಾಲದೇ?

ಪ್ರಶ್ನೆ: ಪ್ರಜಾಪ್ರಭುತ್ವದಲ್ಲಿ ಸೇನೆಯು ಚುನಾಯಿತ ಸರ್ಕಾರದ ಮಾತು ಕೇಳಿದರೆ ಸಾಕಲ್ಲವೇ? ಅದಕ್ಕೆ ಮತ್ತೆ ಕಾನೂನಿನ ಕಟ್ಟುಪಾಡು ಏಕೆ?

ಉತ್ತರ: ಸಾಲದು. ಚುನಾಯಿತರು ತಪ್ಪು ಆದೇಶ ಕೊಡಲಾರರು ಎಂಬ ನಂಬಿಕೆ ಈ ವಾದದಲ್ಲಿ ಅಡಗಿದೆ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದಲ್ಲಿ ಸೇನಾಡಳಿತವನ್ನು ಘೋಷಿಸಿದವರು ಬಂಡೆದ್ದ ಸೇನಾಧಿಕಾರಿಗಳಲ್ಲ, ಜನರೇ ಆರಿಸಿದ್ದ ಅಧ್ಯಕ್ಷರು. ಸೈನಿಕರು ಸಂಸತ್ ಭವನದೊಳಕ್ಕೆ ನುಗ್ಗಿದರು. ಆದರೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದರೆ ಅಧ್ಯಕ್ಷರು ಸೇನಾಡಳಿತವನ್ನು ತೆರವುಗೊಳಿಸಲೇಬೇಕು ಎಂದು ಆ ದೇಶದ ಸಂವಿಧಾನದ 77ನೇ ವಿಧಿ ವಿಧಿಸಿದೆ. 300 ಸದಸ್ಯರ ಪೈಕಿ ಹೇಗೋ ಒಳಸೇರಿದ್ದ 190 ಮಂದಿಯೂ ಮೂರು ಗಂಟೆಯೊಳಗೆ ತೆರವಿನ ಪರವಾಗಿ ಮತ ಹಾಕಿದರು. ಬೆಳಕು ಹರಿಯುವ ಮೊದಲೇ ಅಧ್ಯಕ್ಷರು ಹಿಂದೆ ಸರಿಯಬೇಕಾಯಿತು.

ಇಂಥ ಎಚ್ಚರ ಬಹಳ ಹಳೆಯದು. ಇಂಗ್ಲೆಂಡಿನ ಎರಡನೆಯ ಜೇಮ್ಸ್ ದೊರೆ ಪಟ್ಟ ಕಳೆದುಕೊಂಡ ಬೆನ್ನಿಗೆ, ಸಂಸತ್ತಿನ ಒಪ್ಪಿಗೆಯಿಲ್ಲದೆ ಶಾಂತಿಕಾಲದಲ್ಲಿ ಕಾಯಂ ಸೇನೆ ಇಟ್ಟುಕೊಳ್ಳುವುದು ಕಾನೂನುಬಾಹಿರವೆಂದು 1689ರ ಹಕ್ಕುಗಳ ಶಾಸನ ಸಾರಿತು. ಇಂದಿಗೂ ಐದು ವರ್ಷಗಳೊಳಗೆ ಸಂಸತ್ತು ಹೊಸ ಕಾಯ್ದೆಯ ಮೂಲಕ ನವೀಕರಿಸದಿದ್ದರೆ ಬ್ರಿಟನ್ನಿನ ಸೇನಾ ಶಿಸ್ತಿನ ಕಾನೂನು ತಾನಾಗಿಯೇ ಬಿದ್ದುಹೋಗುತ್ತದೆ, ಅಂದರೆ ಆದೇಶ ಮೀರಿದ ಸೈನಿಕನನ್ನು ಶಿಕ್ಷಿಸುವ ಅಧಿಕಾರವೇ ಮೇಲಧಿಕಾರಿಗೆ ಇಲ್ಲವಾಗುತ್ತದೆ. ಭೂಸೇನೆಗೆ ಒಮ್ಮೆಗೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣ ಮಂಜೂರು ಮಾಡಬಾರದೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಅಧಿಕಾರಕ್ಕೆ ಅವಧಿಯನ್ನು ಕಟ್ಟಿಬಿಟ್ಟರೆ, ಅದನ್ನು ಮುಂದುವರಿಸಬೇಕೆನ್ನುವವರೇ ಮತ್ತೆ ಮತ್ತೆ ಜನಪ್ರತಿನಿಧಿಗಳ ಮುಂದೆ ಬಂದು ಕಾರಣ ಹೇಳಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಬುದ್ಧಿವಂತ ಏರ್ಪಾಡು ಇದೇ.

ಪ್ರಶ್ನೆ: ಗುಪ್ತಚರ ಸಂಸ್ಥೆಗಳ ಕೆಲಸವೇ ಗುಟ್ಟಿನದು. ಅವುಗಳನ್ನು ಬಹಿರಂಗ ಕಾನೂನಿಗೆ ಒಳಪಡಿಸಿದರೆ ಕೆಲಸ ಕೆಡುವುದಿಲ್ಲವೇ?

ಉತ್ತರ: ಗುಟ್ಟಾಗಿರಬೇಕಾದದ್ದು ಕಾರ್ಯಾಚರಣೆ, ಅಧಿಕಾರದ ಎಲ್ಲೆಯಲ್ಲ. ಬ್ರಿಟನ್ನಿನ ಎಂಐ5 ಹುಟ್ಟಿದ್ದು 1909ರಲ್ಲಿ. ಅದಕ್ಕೊಂದು ಶಾಸನದ ಆಧಾರ ದೊರೆತದ್ದು 1989ರಲ್ಲಿ. ಅಷ್ಟು ದೀರ್ಘಕಾಲ ಅದು ಯಾವ ಮಿತಿಯನ್ನು ಮೀರಿತೆಂದು ಕೇಳಲು ಪ್ರಜೆಯ ಕೈಯಲ್ಲಿ ಕಾನೂನಿನ ಒಂದು ಸಾಲೂ ಇರಲಿಲ್ಲ. ಕೆನಡಾದಲ್ಲಿ 1970ರ ದಶಕದಲ್ಲಿ ಒಕ್ಕೂಟ ಪೊಲೀಸರ ಭದ್ರತಾ ವಿಭಾಗವು ಒಂದು ಕಣಜಕ್ಕೆ ಬೆಂಕಿಯಿಟ್ಟಿತ್ತು, ಕ್ವಿಬೆಕ್‌ನ ಒಂದು ರಾಜಕೀಯ ಪಕ್ಷದ ಸದಸ್ಯರ ಪಟ್ಟಿಯನ್ನು ಕದ್ದಿತ್ತು. ವಿಚಾರಣಾ ಆಯೋಗದ ವರದಿಯ ನಂತರ 1984ರ ಕಾಯ್ದೆ ಗುಪ್ತಚರ ಕೆಲಸವನ್ನು ಪೊಲೀಸರಿಂದ ಬೇರ್ಪಡಿಸಿ ಹೊಸ ಸಂಸ್ಥೆಗೆ ಒಪ್ಪಿಸಿತು. ಆ ಸಂಸ್ಥೆಗೆ ಬಂಧಿಸುವ ಅಧಿಕಾರವಿಲ್ಲ. ಮಾಹಿತಿ ಕಲೆಹಾಕುವವರ ಕೈಗೆ ಬೇಡಿಯನ್ನು ಕೊಡದಿರುವುದು ಬಹಳ ಸರಿಯಾದ ನಿರ್ಧಾರ.

ನ್ಯಾಯಾಧೀಶರೊಬ್ಬರ ಸಹಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದು ತಿಳಿಯಬೇಡಿ. ವಿದೇಶಿ ಗುಪ್ತಚರ ಕಣ್ಗಾವಲಿಗೆ ಅನುಮತಿ ನೀಡಲೆಂದು ಅಮೆರಿಕ 1978ರಲ್ಲಿ ವಿಶೇಷ ನ್ಯಾಯಾಲಯವೊಂದನ್ನು ಸ್ಥಾಪಿಸಿತು. ಅಲ್ಲಿ ಸಾಮಾನ್ಯವಾಗಿ ವಾದ ಮಂಡಿಸುವುದು ಸರ್ಕಾರ ಮಾತ್ರ, ಕಲಾಪವೂ ಮುಚ್ಚಿದ ಬಾಗಿಲ ಹಿಂದೆ. ಅದೇ ನ್ಯಾಯಾಲಯದ ಆದೇಶದ ಮೇಲೆ ಕೋಟ್ಯಂತರ ಸಾಮಾನ್ಯ ಜನರ ದೂರವಾಣಿ ಕರೆಗಳ ವಿವರ ಸಂಗ್ರಹವಾಗುತ್ತಿದ್ದುದು 2013ರಲ್ಲಿ ಬಯಲಾಯಿತು. ಎದುರುವಾದವೇ ಇಲ್ಲದ ಕಡೆ ಪ್ರಾಮಾಣಿಕ ನ್ಯಾಯಾಧೀಶರಿಗೂ ಒಂದೇ ಮಗ್ಗುಲು ಕಾಣುತ್ತದೆ.

ಪ್ರಶ್ನೆ: ಅನ್ಯಾಯದ ಆದೇಶವನ್ನು ಸಾಮಾನ್ಯ ಸೈನಿಕ ನಿರಾಕರಿಸಬಹುದೇ? ಪಾಲಿಸಿದರೆ ಅವನಿಗೂ ಶಿಕ್ಷೆಯಾಗುತ್ತದೆಯೇ?

ಉತ್ತರ: ಮಾನವ ಘನತೆಗೆ ಧಕ್ಕೆ ತರುವ ಆದೇಶವನ್ನು ಪಾಲಿಸದಿದ್ದರೆ ಅವಿಧೇಯತೆಯಾಗದು, ಅಪರಾಧವೆಸಗುವಂತೆ ಹೇಳುವ ಆದೇಶವನ್ನಂತೂ ಪಾಲಿಸಲೇಬಾರದು ಎಂದು ಜರ್ಮನಿಯ 1956ರ ಸೈನಿಕರ ಕಾಯ್ದೆ ಹೇಳುತ್ತದೆ. ಅದೇ ವರ್ಷ ಇಸ್ರೇಲಿನ ಕಫ್ರ್ ಕಾಸಿಮ್ ಎಂಬ ಹಳ್ಳಿಯಲ್ಲಿ, ಕರ್ಫ್ಯೂ ಎಂದಿಗಿಂತ ಮುಂಚೆಯೇ ಜಾರಿಯಾದುದು ತಿಳಿಯದೆ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಗಡಿ ಪೊಲೀಸರು ಆದೇಶದಂತೆ ಗುಂಡಿಟ್ಟು ಕೊಂದರು. ಆದೇಶವಿತ್ತೆಂಬ ಸಮರ್ಥನೆಯನ್ನು ಸೇನಾ ನ್ಯಾಯಾಲಯ 1958ರಲ್ಲಿ ತಳ್ಳಿಹಾಕಿತು: ಕೆಲವು ಆದೇಶಗಳ ಮೇಲೆ ನಿಷಿದ್ಧವೆಂದು ಸಾರುವ ಕರಿಬಾವುಟವೇ ಹಾರುತ್ತಿರುತ್ತದೆ, ಅದನ್ನು ಕಾಣಲು ಕಾನೂನು ಪಂಡಿತನಾಗಬೇಕಿಲ್ಲ ಎಂಬುದು ಅದರ ತೀರ್ಪಿನ ಸಾರ. ಹಲವರಿಗೆ ದೀರ್ಘ ಸೆರೆವಾಸದ ಶಿಕ್ಷೆಯಾಯಿತು. ಬಳಿಕ ಶಿಕ್ಷೆಯನ್ನು ಹಂತಹಂತವಾಗಿ ಇಳಿಸಲಾಯಿತು. 1960ರ ವೇಳೆಗೆ ಅವರೆಲ್ಲರೂ ಬಿಡುಗಡೆಯಾಗಿದ್ದರು.