ಕಲ್ಲಿನಲ್ಲಿ ಸಿಕ್ಕ ರೆಕ್ಕೆಕಾಯಿ ನೋಡಿ, ಅಳಿದುಹೋದ ಮರದ ಕುಲ ಹೇಳುವುದು ಹೇಗೆ?

ರೆಕ್ಕೆ ಇದೆ ಅಂದಮಾತ್ರಕ್ಕೆ ಏನೂ ಹೇಳಲಾಗದು. ಗಾಳಿಗೆ ಹಾರುವ ಕಾಯಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಕುಟುಂಬಗಳಲ್ಲಿದೆ. ನೋಡಬೇಕಾದ್ದು ರೆಕ್ಕೆಯಲ್ಲಿ ನರಗಳು ಹರಿದ ರೀತಿ, ಬೀಜ ಕೂತ ಜಾಗ, ಹೂವಿನ ಶಲಾಕಾಗ್ರ (ಪರಾಗ ಬಂದು ಅಂಟುವ ತುದಿ) ಉಳಿಸಿಹೋದ ಗುರುತು.

ಅಮೆರಿಕದ ಕೊಲರಾಡೊದ ಫ್ಲಾರಿಸೆಂಟ್‌ನಲ್ಲಿ ಸುಮಾರು 3.4 ಕೋಟಿ ವರ್ಷಗಳ ಹಿಂದೆ ಒಂದು ಸರೋವರವಿತ್ತು. ಜ್ವಾಲಾಮುಖಿಯ ಬೂದಿ ಬಿದ್ದು ಬಿದ್ದು ತಳದ ಕೆಸರು ಕಾಗದದ ಹಾಳೆಗಳಂತೆ ಪದರಗಟ್ಟಿತು. ಆ ಹಾಳೆ ಬಿಡಿಸಿದರೆ ಸೆಡ್ರೆಲೋಸ್ಪರ್ಮಮ್ ಎಂಬ ಅಳಿದ ಮರದ ಕಾಯಿ ಸಿಗುತ್ತದೆ: ಬುಡದಲ್ಲಿ ಪುಟ್ಟ ಬೀಜ, ಒಂದೇ ಕಡೆ ಚಾಚಿದ ರೆಕ್ಕೆ, ಅದರ ತುದಿಯಲ್ಲಿ ಉಗುರಿನಿಂದ ಚಿವುಟಿದಂಥ ಕಚ್ಚು. ಶಲಾಕಾಗ್ರ ಇದ್ದದ್ದು ಅಲ್ಲೇ. ಈ ಕಚ್ಚು ಎಲ್ಮ್ ಕುಟುಂಬದತ್ತ ಬೊಟ್ಟು ಮಾಡುತ್ತದೆ. (ನಮ್ಮ ತಪಸಿ ಮರವೂ ಅದೇ ಕುಟುಂಬದ್ದು, ಬಿದ್ದ ಕಾಯಿ ಎತ್ತಿ ನೋಡಿ, ದುಂಡು ರೆಕ್ಕೆಯ ತುದಿಯಲ್ಲಿ ಕಚ್ಚು ಕಾಣುತ್ತದೆ.)

ಆದರೂ ಅನುಮಾನ ಪೂರ್ತಿ ಬಗೆಹರಿದದ್ದು ಎಲೆ, ಕಾಯಿ ಎರಡೂ ಒಂದೇ ರೆಂಬೆಗೆ ಅಂಟಿಕೊಂಡಿದ್ದ ಪಳೆಯುಳಿಕೆಗಳು ಸಿಕ್ಕಾಗ. ಅಲ್ಲಿಯವರೆಗೆ ಆ ಎಲೆಗಳು ಎಲ್ಮ್ ಕುಟುಂಬದ್ದೇ ಇನ್ನೊಂದು ಮರವಾದ ಜೆಲ್ಕೋವಾದ ಲೆಕ್ಕಕ್ಕೆ ಸೇರಿದ್ದವು!