ವೈಕಿಂಗರ ಕತ್ತಿಯಲ್ಲಿ ನಮ್ಮ ಉಕ್ಕಿತ್ತೇ?

ಪ್ರಶ್ನೆ: ವೈಕಿಂಗ್ ಕಾಲದ 'ಉಲ್ಫ್‌ಬೆರ್ಟ್' ಕತ್ತಿಗಳನ್ನು ಭಾರತದ ವೂಟ್ಜ್ ಉಕ್ಕಿನಿಂದ ಮಾಡಿದ್ದರಂತೆ, ಆ ವೂಟ್ಜ್ ಎಂದರೆ ಕನ್ನಡದ 'ಉಕ್ಕು' ಅಂತೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುವ ಈ ಮಾತು ನಿಜವೇ?

ಉತ್ತರ: ಹೆಸರಿನ ಮಾತಿನಲ್ಲಿ ಹುರುಳಿದೆ, ಕತ್ತಿಯ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. 'ವೂಟ್ಜ್' ಎಂಬ ಪದ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 1795ರಲ್ಲಿ, ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಿಂದ. ಅದು 'ಉಕ್ಕು' ಎಂಬುದನ್ನು ತಪ್ಪಾಗಿ ಬರೆದುಕೊಂಡದ್ದು ಎಂಬ ವಿವರಣೆಯೇ ಹೆಚ್ಚು ಪ್ರಚಲಿತ. ತೆಲುಗಿನಲ್ಲೂ ಅದು ಉಕ್ಕೇ ಆದ್ದರಿಂದ ಪೂರ್ತಿ ನಮ್ಮದೆನ್ನುವುದು ಬೇಡ. ಕತ್ತಿಗಳಾದರೋ 9ರಿಂದ 11ನೇ ಶತಮಾನದವು, ಸ್ಕ್ಯಾಂಡಿನೇವಿಯದ ವೈಕಿಂಗ್ ಕಡಲಿಗರ ಕಾಲದವು.

ಉಲ್ಫ್‌ಬೆರ್ಟ್ ಎಂಬ ಹೆಸರು ಹೊತ್ತ ಸುಮಾರು 170 ಕತ್ತಿಗಳು ಯುರೋಪಿನಲ್ಲಿ ಸಿಕ್ಕಿವೆ. ಅಲಗಿನ ಮೇಲೆ ಕಬ್ಬಿಣದ ಸರಳಿನ ತುಂಡುಗಳನ್ನು ಕಾಯಿಸಿ ಬಡಿದು ಕೂರಿಸಿದ ಅಕ್ಷರಗಳು, ಮುಂದೊಂದು ಶಿಲುಬೆ, ಕೊನೆಯ ಕಡೆಗೊಂದು ಶಿಲುಬೆ. ಲೋಹತಜ್ಞ ಅಲನ್ ವಿಲಿಯಮ್ಸ್ ಹಲವನ್ನು ಪರೀಕ್ಷಿಸಿದಾಗ, ಎರಡನೆಯ ಶಿಲುಬೆ ಕಟ್ಟಕಡೆಯ 'ಟಿ' ಅಕ್ಷರಕ್ಕಿಂತ ಮೊದಲೇ ಬರುವ ಕತ್ತಿಗಳಲ್ಲಿ ಇಂಗಾಲ ಹೆಚ್ಚು, ಶೇ 1ರ ಆಸುಪಾಸು, ಇರುವುದು ಕಂಡಿತು. ಶಿಲುಬೆ ಕೊನೆಗೆ ಬರುವವುಗಳಲ್ಲಿ ಹಲವು ಸಾಧಾರಣ ಲೋಹದವು. ಖೋಟಾ ಬ್ರ್ಯಾಂಡ್ ಆಗಲೂ ಇತ್ತೆನ್ನಿ.

ಇಂಗಾಲ ಹೆಚ್ಚಿದ್ದ ಮಾತ್ರಕ್ಕೆ ಅದು ವೂಟ್ಜ್‌ನಂಥ ಮೂಸೆ ಉಕ್ಕು, ಎಂದರೆ ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ ಕರಗಿಸಿದ ಉಕ್ಕು, ಆಗುವುದಿಲ್ಲ. ನೋಡಬೇಕಾದದ್ದು ಕಿಟ್ಟವನ್ನು, ಅಂದರೆ ಲೋಹದೊಳಗೆ ಉಳಿಯುವ ಅದಿರಿನ ಕಲ್ಮಶವನ್ನು. ಆ ಕಾಲದ ಯುರೋಪಿನ ಕುಲುಮೆಯಲ್ಲಿ ಕಬ್ಬಿಣ ಕರಗಿ ನೀರಾಗುತ್ತಿರಲಿಲ್ಲ, ಮುದ್ದೆಯಾಗಿ ಬರುತ್ತಿತ್ತು. ಬಡಿದು ಬಡಿದು ಕಿಟ್ಟವನ್ನು ಹಿಂಡಿದರೂ ಒಂದಿಷ್ಟು ಒಳಗೇ ಉಳಿದು, ಅಲಗಿನುದ್ದಕ್ಕೂ ಎಳೆಎಳೆಯಾಗಿ ಕಾಣುತ್ತದೆ. ಮೂಸೆಯ ವಿಧಾನ ಬೇರೆ: ಕಬ್ಬಿಣದ ಚೂರುಗಳ ಜೊತೆ ಇಂಗಾಲ ಕೊಡುವ ಪದಾರ್ಥ ಹಾಕಿ (ಮೈಸೂರು ಸೀಮೆಯಲ್ಲಿ ತಂಗಡಿ ಗಿಡದ ಕಟ್ಟಿಗೆ ಹಾಕುತ್ತಿದ್ದರು), ಬಾಯಿ ಮುಚ್ಚಿ, ತಿದಿಯೂದಿ ಗಂಟೆಗಟ್ಟಲೆ ಕಾಯಿಸುವುದು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು, ಇಂಗಾಲ ಹೀರಿಕೊಂಡಂತೆ ಅದಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ. ಕರಗಿದಾಗ ಕಿಟ್ಟ ಮೇಲಕ್ಕೆ ತೇಲುತ್ತದೆ, ಉಕ್ಕಿನ ಗಟ್ಟಿ ಶುದ್ಧವಾಗಿ ಇಳಿಯುತ್ತದೆ.

ಪರೀಕ್ಷೆಗೆ ಅಲಗಿನಿಂದ ಸಣ್ಣ ಚೂರು ತೆಗೆದು, ಉಜ್ಜಿ ಕನ್ನಡಿಯಾಗಿಸಿ, ಶೇ 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಡವುವುದು ಇಲ್ಲೇ. ಬಾಯಿಯ ಅಂಚಿಗೆ ಒಂದು ಉಕ್ಕು, ನಡುವಿಗೆ ಬೇರೆ ಕಬ್ಬಿಣ ಬೆಸೆದ ಕತ್ತಿಗಳೂ ಇರುತ್ತವೆ. ತುಕ್ಕು ಮೊದಲು ತಿನ್ನುವುದು ಆ ಅಂಚನ್ನೇ. ಒಂದೇ ಚೂರಿನಿಂದ ಇಡೀ ಕತ್ತಿಯ ಜಾತಕ ಬರೆದರೆ ತಪ್ಪಾಗುತ್ತದೆ.

ಕೆಲವು ಕತ್ತಿಗಳ ಲೋಹ ಮೂಸೆಯದೇ ಎಂದು ಒಪ್ಪಿದರೂ, ದಕ್ಷಿಣ ಭಾರತದವರೆಗೆ ಹೋಗಬೇಕಾದ ಅಗತ್ಯವಿಲ್ಲ. ಇಂದಿನ ತುರ್ಕಮೆನಿಸ್ತಾನದ ಮೆರ್ವ್‌ನಲ್ಲಿ 9–10ನೇ ಶತಮಾನದ ಮೂಸೆ ಉಕ್ಕಿನ ಕುಲುಮೆಗಳೇ ಅಗೆತದಲ್ಲಿ ಸಿಕ್ಕಿವೆ, ಉಜ್ಬೆಕಿಸ್ತಾನದ ಅಖ್ಸಿಕೆತ್‌ನಲ್ಲೂ ಮೂಸೆಗಳಿವೆ. ಅಲ್ಲಿಂದ ವೋಲ್ಗಾ ದಂಡೆಯ ಬುಲ್ಗಾರ್ ಪಟ್ಟಣ, ಆಮೇಲೆ ರಷ್ಯಾದ ಲಾದೋಗಾ, ಬಾಲ್ಟಿಕ್ ಸಮುದ್ರ: ಬೆಳ್ಳಿ ನಾಣ್ಯ ಹರಿದು ಬಂದದ್ದೂ ಈ ದಾರಿಯಲ್ಲೇ. ಆದರೆ ಕತ್ತಿಗಳು ಎದುರು ದಿಕ್ಕಿನಲ್ಲಿ ಹೋದ ದಾಖಲೆ ಇದೆ. ಇಬ್ನ್ ಖುರ್ದಾದ್‌ಬಿಹ್ ಎಂಬ ಪರ್ಷಿಯದ ಭೂಗೋಳಕಾರ 9ನೇ ಶತಮಾನದಲ್ಲೇ ರುಸ್ ವರ್ತಕರು (ಪೂರ್ವದ ನದಿಗಳಲ್ಲಿ ವ್ಯಾಪಾರ ಮಾಡಿದ ವೈಕಿಂಗರು) ತುಪ್ಪಳದ ಜೊತೆ ಕತ್ತಿ ತರುತ್ತಾರೆಂದು ಬರೆದ. 922ರಲ್ಲಿ ವೋಲ್ಗಾ ತೀರದಲ್ಲಿ ರುಸ್ಸರನ್ನು ಕಂಡ ಬಾಗ್ದಾದಿನ ರಾಯಭಾರಿ ಇಬ್ನ್ ಫದ್ಲಾನ್, ಅವರ ಕತ್ತಿಗಳು ಫ್ರಾಂಕರ (ಇಂದಿನ ಫ್ರಾನ್ಸ್, ಜರ್ಮನಿ ಕಡೆಯವರ) ಬಗೆಯವು ಎಂದ. ಉಲ್ಫ್‌ಬೆರ್ಟ್ ಎಂಬುದೂ ಫ್ರಾಂಕರ ಹೆಸರೇ. ನನ್ನ ಲೆಕ್ಕದಲ್ಲಿ ಕತ್ತಿ ರೈನ್ ನದಿಯ ಕಡೆಯದು. ಉಕ್ಕಿನ ಗಟ್ಟಿ ಹೊರಗಿನಿಂದ ಬಂದಿದ್ದರೆ, ಮಧ್ಯ ಏಷ್ಯಾ ಮೈಸೂರಿಗಿಂತ ಹತ್ತಿರದ ಉತ್ತರ.

ಪ್ರಶ್ನೆ: ಸ್ವೀಡನ್ನಿನಲ್ಲಿ ಬುದ್ಧನ ವಿಗ್ರಹ ಸಿಕ್ಕಿದೆಯಲ್ಲ, ವೈಕಿಂಗರು ಭಾರತಕ್ಕೆ ಬಂದಿದ್ದರೇ?

ಉತ್ತರ: ವಿಗ್ರಹ ಬಂತು ಎಂದರೆ ಜನ ಬಂದರು ಎಂದಲ್ಲ. 1956ರಲ್ಲಿ ಹೆಲ್ಗೋ ದ್ವೀಪದಲ್ಲಿ ಸಿಕ್ಕ ಆ ಕಂಚಿನ ಬುದ್ಧನ ಎತ್ತರ ಸುಮಾರು 8.4 ಸೆಂಟಿಮೀಟರ್. ಅದನ್ನು ಮಾಡಿದ್ದು ಭಾರತ ಉಪಖಂಡದ ವಾಯವ್ಯದಲ್ಲಿ, ಸ್ವಾತ್ ಕಣಿವೆಯ ಸುತ್ತಮುತ್ತ, ವೈಕಿಂಗರ ಕಾಲಕ್ಕಿಂತ ಇನ್ನೂರು ವರ್ಷವಾದರೂ ಮೊದಲು. ಕೈಯಿಂದ ಕೈಗೆ ದಾಟುತ್ತ ಹೋಗಲು ಬೇಕಾದಷ್ಟು ಕಾಲವಿತ್ತು. ಅದೇ ನೆಲೆಯಲ್ಲಿ ಐರ್ಲೆಂಡಿನ ಪಾದ್ರಿಯ ದಂಡದ ತಲೆಯೂ ಈಜಿಪ್ಟಿನ ಸೌಟೂ ಸಿಕ್ಕಿವೆ.

ಕಾಲ ಹೇಳುವ ವಿಷಯದಲ್ಲಿ ಮೂರ್ತಿಗಿಂತ ಆ ದಾರಿಯಲ್ಲಿ ಬಂದ ಇಸ್ಲಾಮೀ ನಾಡುಗಳ ದಿರ್ಹಮ್ ಎಂಬ ಬೆಳ್ಳಿ ನಾಣ್ಯ ನಂಬಿಕಸ್ಥ, ಅದರ ಮೇಲೆ ಟಂಕಸಾಲೆಯ ಊರೂ ಹಿಜ್ರಿ ವರ್ಷವೂ ಇರುತ್ತವೆ. ಹಿಜ್ರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹತ್ತಿರ ಹತ್ತಿರ ಸಿಗುತ್ತದೆ: 300 ಎಂದಿದ್ದರೆ 913. ನಿಧಿ ಹೂತದ್ದು ಯಾವಾಗ ಎನ್ನಲು ಅದರಲ್ಲಿರುವ ತೀರ ಈಚಿನ ನಾಣ್ಯ ನೋಡಬೇಕು. 1999ರಲ್ಲಿ ಸ್ವೀಡನ್ನಿನ ದ್ವೀಪ ಗಾಟ್‌ಲಂಡ್‌ನ ಸ್ಪಿಲಿಂಗ್ಸ್‌ನಲ್ಲಿ 14,000ಕ್ಕೂ ಹೆಚ್ಚು ನಾಣ್ಯಗಳಿದ್ದ 67 ಕಿಲೋ ಬೆಳ್ಳಿ ಸಿಕ್ಕಿತು. ಕೊನೆಯ ನಾಣ್ಯ 870–71ರದು, ಹಾಗಾಗಿ ಹೂತದ್ದು ಆ ವರ್ಷ ಅಥವಾ ಅದರ ನಂತರ.